ತಿಮಿಂಗಿಲದ ಹಲ್ಲು ತೆಗೆದುಕೊಂಡ ಮೇಲೆ

ಸಿಂಗಾಟೋಕಾ, ಫಿಜಿ, ಮಂಗಳವಾರ ರಾತ್ರಿ

ನನ್ನ ಭಾವಮೈದ ಅಪೆನಿಸಾನನ್ನು ಇವತ್ತು ಸೈನ್ಯದ ಆಯ್ಕೆಯಿಂದ ಹೊರಗೆ ಹಾಕಿದರಂತೆ. ಓಟದಲ್ಲಿ ಅವನೇ ಮೊದಲು. ಆಮೇಲೆ ಅಧಿಕಾರಿ, "ಯಾರಿಗಾದ್ರೂ ಹೊಡೆದಿದ್ದೀಯಾ?" ಅಂತ ಕೇಳಿದ್ದಕ್ಕೆ ಇವನು "ಇಲ್ಲ ಸರ್" ಅಂದಿದ್ದಾನೆ. ಅವನು ಹೊಡೆದಿದ್ದ ಬಗ್ಗೆ ಪೊಲೀಸರ ದಾಖಲೆ ಅವರ ಕೈಯಲ್ಲೇ ಇತ್ತು. ಹೊಡೆದದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಬೇಡ ಅಂದರಂತೆ.

ಅದು ಸುಳ್ಳು ಹೇಗಾಗುತ್ತೆ? ಅವನು ಹೊಡೆದದ್ದು ನನಗೇ. ಅವನ ಮನೆಯವರು ನಮ್ಮ ಪದ್ಧತಿಯಂತೆ ತಿಮಿಂಗಿಲದ ಹಲ್ಲು ತಂದು ನಮ್ಮ ಚಾಪೆಯ ಮೇಲಿಟ್ಟು ಕ್ಷಮೆ ಕೇಳಿದರು. ನಾನು ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಇಬ್ಬರೂ ಆ ಮಾತು ಎತ್ತುವಂತಿಲ್ಲ. ನಡೆದೇ ಇಲ್ಲ ಅಂತಲೇ ಲೆಕ್ಕ.

ಸಂಜೆ ಅಪೆನಿಸಾ ಬಂದು ಕೂತ.

"ಭಾವ, ನಾಳೆ ನೀನೇ ಬಂದು ಅವರಿಗೆ ಹೇಳು."

"ಏನಂತ? ನನ್ನ ಹಲ್ಲು ಉದುರಿಸಿದ್ದು ಇವನೇ, ಕೈ ಗಟ್ಟಿ ಇದೆ, ಸೇರಿಸ್ಕೊಳ್ಳಿ ಅಂತಲಾ?"

ಅವನು ನಗಲಿಲ್ಲ.

ಹೋಗಿ ಹೇಳಿದರೆ ನಾನು ಮಾತಿಗೆ ತಪ್ಪಿದ ಹಾಗೆ. ಹೋಗದಿದ್ದರೆ ಅವನು ಸುಳ್ಳುಗಾರನಾಗಿ ಉಳೀತಾನೆ, ಅದೂ ಮಾತಿಗೆ ತಪ್ಪದೇ ಇದ್ದದ್ದಕ್ಕೆ. ಯಾವುದು ಸರಿಯೋ, ನನಗಂತೂ ತಲೆ ಕೆಟ್ಟುಹೋಗಿದೆ. ನಾಲಿಗೆ ಬೇರೆ ಸುಮ್ಮನಿರದೆ ಆ ಖಾಲಿ ಜಾಗಕ್ಕೇ ಹೋಗ್ತಿದೆ. ಅಲ್ಲಿ ಹಲ್ಲಿಲ್ಲ ಅನ್ನೋದನ್ನೇ ನಾನು ನಿಜವಾಗಿ ಮರೆತಿದ್ದೆ.