ಡ್ರಿಲ್ ಮಾಸ್ತರ ಚಪ್ಪಲಿ

ಮಾರ್ಚ್ 4, ಮಧ್ಯಾಹ್ನ
ರಕ್ತದ ಸ್ಯಾಂಪಲ್‌ಗಳನ್ನು ಲ್ಯಾಬಿಗೆ ಕಳಿಸಿ ಈಗ ಕೂತೆ. ಇವತ್ತೂ ಎಲ್ಲರ ನರವೂ ಒಂದೇ ಚುಚ್ಚಿಗೆ ಸಿಕ್ಕಿತು. ಜಂಭವೇ ಸರಿ.
ಬೆಳಿಗ್ಗೆ ಅಮ್ಮನದು ಅದೇ ರಾಗ. “ನರ್ಸ್ ಅಂತೀಯ, ಕಾಯಿಲೆ ವಾಸಿ ಮಾಡೋದಲ್ಲ ಅಂತೀಯ. ಮತ್ತೇನು ಮಾಡ್ತೀಯ?”
“ಹೊಸ ಬಿ.ಪಿ. ಮಾತ್ರೆ ಜನಕ್ಕೆ ಒಗ್ಗುತ್ತಾ ಅಂತ ಕೇಳ್ತೀನಮ್ಮ.”
“ಕೇಳೋದೇ ಕೆಲಸ. ಅದಕ್ಕೆ ಸಂಬಳ ಬೇರೆ!”
ಹೌದು. ಆದರೆ ಕೇಳುವುದಕ್ಕೂ ಕಲೆ ಬೇಕು. ಸುಳ್ಳಿನ ವಾಸನೆ ನನ್ನ ಮೂಗಿಗೆ ಬೇಗ ಬಡಿಯುತ್ತದೆ.

ಮಾರ್ಚ್ 11
ಡ್ರಿಲ್ ಮಾಸ್ತರು ಬಂದಿದ್ದರು. ಹೊಸ ಮಾತ್ರೆ ಪರೀಕ್ಷಿಸುವ ನಮ್ಮ ಟ್ರಯಲ್‌ಗೆ ಮೊದಲು ಸೇರಿದವರು. ಸ್ಕೂಲಿನಿಂದ ರಿಟೈರಾಗಿ ಎಷ್ಟೋ ವರ್ಷವಾದರೂ ಷೂ ಮಾತ್ರ ಪಳಪಳ. ಇವತ್ತು ಚಪ್ಪಲಿ!
“ಪಾಲಿಶ್ ಮುಗಿದಿದೆ ಸಿಸ್ಟರ್.”
“ತೊಂದರೆ ಏನಾದ್ರೂ?”
“ಏನೂ ಇಲ್ಲ. ಮಾತ್ರೆ ಫಸ್ಟ್ ಕ್ಲಾಸ್!”
ನಕ್ಕು ಕಳಿಸಿದೆ.

ಮಾರ್ಚ್ 12, ಬೆಳಿಗ್ಗೆ, ಬಸ್ಸಿನಲ್ಲಿ
ಡ್ರಿಲ್ ಮಾಸ್ತರ ಮನೆಯಲ್ಲಿ ಪಾಲಿಶ್ ಮುಗಿಯುವುದುಂಟೇ? ಸಕ್ಕರೆ ಮುಗಿದೀತು... ಹೊಗಳಿಕೊಂಡ ಮೂಗಿಗೇ ನೆಗಡಿ! ಇಳಿದ ತಕ್ಷಣ ಫೋನ್ ಮಾಡಬೇಕು.

ಅದೇ ದಿನ, ಸಂಜೆ
ಮಾಸ್ತರನ್ನು ಕರೆಸಿದೆ. “ಅವರೇ ಏನೂ ಇಲ್ಲ ಅಂತಾರಲ್ಲ,” ಎಂದರು ಡಾಕ್ಟರು. ಒಂದು ನಿಮಿಷ ಸಾರ್ ಎಂದು ಮಾಸ್ತರ ಚಪ್ಪಲಿ ಬಿಚ್ಚಿಸಿದೆ. ಷೂ ಹಿಡಿಸದಷ್ಟು ಪಾದ ಊದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಏಳಲೇ ಇಲ್ಲ. ಡಾಕ್ಟರ ಮುಖ ಬದಲಾಯಿತು.
“ಯಾಕೆ ಮುಚ್ಚಿಟ್ರಿ ಮಾಸ್ತರೇ?” ಎಂದೆ.
ಮಾಸ್ತರು ತಲೆ ತಗ್ಗಿಸಿದರು. “ಇಡೀ ಸರ್ವೀಸಲ್ಲಿ ಯಾರನ್ನೂ ಫೇಲ್ ಮಾಡಿದವನಲ್ಲ ನಾನು. ನನ್ನಿಂದ ನಿಮ್ಮ ಮಾತ್ರೆ ಫೇಲಾದ್ರೆ ನಿಮಗೆ ಕೆಟ್ಟ ಹೆಸರು ಬರಲ್ವಾ ಸಿಸ್ಟರ್?”
ಬೈಯಬೇಕೆಂದಿದ್ದೆ, ಸ್ಟೂಲ್ ಎಳೆದು ಅವರೆದುರು ಕೂತೆ.
“ಫೇಲಾಗೋ ಮಾತ್ರೆ ಇಲ್ಲೇ ಫೇಲಾಗ್ಬೇಕು. ಸುಳ್ಳು ಹೇಳಿ ಪಾಸ್ ಮಾಡಿಸಿದ್ರೆ ಆಮೇಲೆ ಊರಿಗೆಲ್ಲ ಕಷ್ಟ.”
“ಹಾಗಾದ್ರೆ... ನಾನು ಕಾಪಿ ಹೊಡೆಸಿದ ಹಾಗಾಯ್ತಾ?”
“ಥೇಟ್ ಹಾಗೇ!”

ಮಾರ್ಚ್ 14
ಮಾಸ್ತರ ರಕ್ತದ ರಿಪೋರ್ಟ್ ಬಂತು. ಕಿಡ್ನಿಗೆ ಪೆಟ್ಟು ಬೀಳತೊಡಗಿತ್ತು. ಮಾತ್ರೆ ನಿಲ್ಲಿಸಿದ್ದಾಯಿತು. ಇನ್ನೊಂದು ತಿಂಗಳು ಕಳೆದಿದ್ದರೆ ಕೈ ಮೀರುತ್ತಿತ್ತು ಎಂದರು ಡಾಕ್ಟರು. ಉಳಿದವರನ್ನೂ ಕರೆಸುತ್ತಿದ್ದೇನೆ. ಇನ್ನು ಮೇಲೆ ಮೊದಲು ಕಾಲು, ಆಮೇಲೆ ಮಾತು.

ಏಪ್ರಿಲ್ 9
ಮಾತ್ರೆ ನಿಂತರೂ ಮಾಸ್ತರಿಗೆ ತಪಾಸಣೆ ತಪ್ಪಿಲ್ಲ. ದಿನಾ ಫೋನು ಬೇರೆ. ಸೀನಿದ್ದು, ಬಿಕ್ಕಳಿಸಿದ್ದು, ಸೊಳ್ಳೆ ಕಚ್ಚಿದ್ದು, ಒಂದನ್ನೂ ಬಿಡುವುದಿಲ್ಲ. “ಕೇಳೋದೇ ನಿನ್ನ ಕೆಲಸ, ಕೇಳು!” ಎಂದು ಅಮ್ಮನ ನಗು.
ಇವತ್ತು ಅವರ ಸರದಿ. ಊತ ಇಳಿದಿದೆಯೋ ಇಲ್ಲವೋ, ಫೋನಿನಲ್ಲಿ ಅದೊಂದನ್ನು ಮಾತ್ರ ಹೇಳಲಿಲ್ಲ. ಬಂದು ತೋರಿಸ್ತೀನಿ ಅಂದರು. ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದು ಕೂತಿದ್ದೇನೆ.
ಕಾರಿಡಾರಿನಲ್ಲಿ ಯಾರೋ... ಟಕ್, ಟಕ್, ಟಕ್. ಚಪ್ಪಲಿ ಹೀಗೆ ಸದ್ದು ಮಾಡುವುದಿಲ್ಲ. ಷೂ! ಲೇಸ್ ಬಿಗಿದು ಕಟ್ಟಿದ—