ಸುತ್ತಿಗೆಯ ಮೇಲೆ ಹೊರಿಸಿದ ದೂರು

ಬಾಣಂತನದ ದಿನಗಳಲ್ಲೆಲ್ಲ ನನ್ನ ಮಡಿಲಲ್ಲಿ ಮಲಗಿ ಎದ್ದುಹೋದ ಕೂಸೇ,

ಇದನ್ನು ನೀನು ಓದುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಇದ್ದರೂ ನನ್ನ ಮಾತು ನಿನ್ನ ಕಿವಿಗೆ ಬೀಳುತ್ತದೋ ಇಲ್ಲವೋ. ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ಬೈಕೋಬೇಡ. ಕುಣಿಗಲ್‌ನಲ್ಲಿ ನಿನ್ನಪ್ಪನ ಮನೆಯಲ್ಲಿ ನಿನಗೆ ಸೊಳ್ಳೆ ಕಚ್ಚುತ್ತಿದೆಯೋ, ಸ್ನಾನದ ನೀರು ತೀರಾ ಬಿಸಿ ಮಾಡುತ್ತಾರೋ, ತುಮಕೂರಿನ ಶೆಟ್ಟಿಹಳ್ಳಿಯ ಈ ಮನೆಯಲ್ಲಿ ಕೂತು ನನಗೆ ಅದೇ ಯೋಚನೆ.

ನಾವು ಕಮ್ಮಾರರು. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ನನ್ನ ಮುತ್ತಾತ ಕಾಳಯ್ಯನ ಕುಲುಮೆ ಇತ್ತು. ಆ ಕಡೆಗೆ ರೈಲು ಹೊಸದಾಗಿ ಬಂದ ಕಾಲವಂತೆ. ನೇಗಿಲ ಗುಳ, ಕುಡುಗೋಲು, ಗಾಡಿ ಚಕ್ರದ ಪಟ್ಟಿ, ಸುತ್ತಲ ಹಳ್ಳಿಗಳಿಗೆಲ್ಲ ಅವನದೇ ಕೈ. ಆದರೆ ಬೆನ್ನ ಹಿಂದೆ ನಿಂತು ಕೂಗಿದವರ ಕೆಲಸ ಆಗುತ್ತಿರಲಿಲ್ಲ. ಎದುರಿಗೆ ಬಂದು, ಕುಡುಗೋಲು ಎಷ್ಟು ಬಾಗಬೇಕೆಂದು ಕೈಯಲ್ಲಿ ತೋರಿಸಬೇಕಿತ್ತು. ಸುತ್ತಿಗೆ ಸದ್ದು ಕಿವಿ ತಿಂದುಹಾಕಿತು ಅಂದರು ಊರವರು. ನನ್ನ ತಾತನಿಗೂ ಹಾಗೇ ಆಯಿತು. ನಮ್ಮಪ್ಪನಿಗೆ ಇನ್ನೂ ಬೇಗ. "ನಂದಂತೂ ಹೋಯ್ತು, ಮಕ್ಕಳ ಕಿವಿನಾದ್ರೂ ಉಳೀಲಿ ಬುಡು" ಅಂತ ಅಪ್ಪ ಕುಲುಮೆಯ ಬೆಂಕಿ ಆರಿಸಿ ತುಮಕೂರಿಗೆ ಬಂದು ಮಂಡಿಯಲ್ಲಿ ಮೂಟೆ ಹೊತ್ತ. ರಸ್ತೆಯಲ್ಲಿ ಎತ್ತಿನ ಗಾಡಿ ಕಂಡರೆ ನಿಂತು ಚಕ್ರದ ಪಟ್ಟಿ ಮುಟ್ಟಿ ನೋಡುತ್ತಿದ್ದ. ಗಾಡಿಯವರು ಬೈದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಅಪ್ಪನ ತಂಗಿ ಭದ್ರತ್ತೆ. ಅವಳನ್ನು ಮಾರ್ಕೋನಹಳ್ಳಿ ಕಡೆಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ವಾಪಸು ಕಳಿಸಿದರು. ಹಿತ್ತಿಲಿಂದ ಅತ್ತೆ ಕೂಗಿದರೆ ಓಗೊಡುವುದಿಲ್ಲ, ಸೊಕ್ಕು ಅಂತ. ನಮ್ಮ ಮನೆಯಲ್ಲೂ ಅದನ್ನೇ ನಂಬಿದರು ಕೂಸೇ. "ಹೂಂ ಅನ್ನಕ್ಕೂ ಬಾಯಿ ನೋವೇನೇ ನಿಂಗೆ?" ಅಂತ ನನ್ನಜ್ಜಿ ದಿನಾ ಬಯ್ಯುತ್ತಿದ್ದಳು. ಭದ್ರತ್ತೆ ರಾಗಿ ಬೀಸುತ್ತಾ ಎಲ್ಲರ ಬಾಯಿಯನ್ನೇ ನೋಡುತ್ತಿದ್ದಳು. ಹೆಂಗಸು ಸುತ್ತಿಗೆ ಹಿಡಿದವಳಲ್ಲ, ಅವಳ ಕಿವಿ ಹೇಗೆ ಹೋದೀತು? ಯಾರಿಗೂ ಹೊಳೆಯಲೇ ಇಲ್ಲ. ಸೊಕ್ಕಿನವಳು ಅನ್ನಿಸಿಕೊಂಡೇ ತೀರಿಕೊಂಡಳು.

ಆಮೇಲೆ ನೀನು ಬಂದೆ. ಪಾತ್ರೆ ಬಿದ್ದರೂ ಬೆಚ್ಚುತ್ತಿರಲಿಲ್ಲ. ಎಂಥಾ ಸಾಧು ಮಗು ಅಂತ ಬೀದಿಯವರೆಲ್ಲ ಹೊಗಳಿದರು. ನಾನು ಮಾತ್ರ ನಿನ್ನ ತಲೆಯ ಹಿಂದೆ ಚಪ್ಪಾಳೆ ತಟ್ಟಿ ತಟ್ಟಿ ನೋಡುತ್ತಿದ್ದೆ. ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಕೇಳಿಸುವುದಿಲ್ಲ ಅಂದರು.

ನಿನ್ನ ಇನ್ನೊಬ್ಬ ಅಜ್ಜಿ, ನಿನ್ನಪ್ಪನ ತಾಯಿ ವನಜಾಕ್ಷಿ ಕುಣಿಗಲ್‌ನಿಂದ ಬಂದವರೇ ನನ್ನ ಮಗಳು, ನಿನ್ನಮ್ಮ ತೇಜಸ್ವಿನಿಯ ಮುಂದೆ ಕೂತು, "ಹೊಟ್ಟೇಲಿ ಮಗು ಇಟ್ಕೊಂಡು ಮೂರ್ ಹೊತ್ತೂ ಕಿವಿಗೆ ಆ ಫೋನಿನ ವೈರು ಸಿಗಿಸ್ಕೊಂಡಿರ್ತಿದ್ದೆ. ಬಡ್ಕೊಂಡೆ ನಾನು. ಈಗ ಅನುಭವಿಸು" ಅಂದರು. ನಿನ್ನಮ್ಮ ಅದನ್ನು ನಂಬಿಬಿಟ್ಟಳು. ಊಟ ಬಿಟ್ಟಳು. ನಿನಗೆ ಹಾಲು ಕೊಡುವಾಗಲೂ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಇವಳು ಏನಾದರೂ ಮಾಡಿಕೊಂಡರೆ ಅಂತ ನಾನು ಬಚ್ಚಲ ಬಾಗಿಲ ಹೊರಗೇ ನಿಂತಿರುತ್ತಿದ್ದೆ.

ಡಾಕ್ಟರು ವೈರಿನ ಮಾತು ಕೇಳಿ ಅಲ್ಲವೆಂದು ತಲೆಯಾಡಿಸಿದರು. "ಅದರಿಂದ ಬರಲ್ಲಮ್ಮ. ನಿಮ್ಮ ವಂಶದಲ್ಲಿ ಯಾರಿಗಾದ್ರೂ ಇತ್ತಾ?" ಇಲ್ಲ ಸಾರ್ ಅಂದೆ. ಗಂಡಸರಿಗಿತ್ತು, ಅದು ಸುತ್ತಿಗೆ ಸದ್ದಿಗೆ ಅಂದೆ. "ಸದ್ದಿಗೂ ಹೋಗುತ್ತೆ. ಸುತ್ತಿಗೆ ಹಿಡಿಯದೋರು ಯಾರೂ ಇರ್ಲಿಲ್ವಾ?" ಅಂದರು. ಭದ್ರತ್ತೆ ಕಣ್ಣ ಮುಂದೆ ಬಂದು ನಿಂತಳು, ನನ್ನ ಬಾಯಿಯನ್ನೇ ನೋಡುತ್ತಾ. ಮೇಷ್ಟ್ರು ಹೇಳಿದ್ದು ಅರ್ಥವಾಗದೆ ನಾನು ಶಾಲೆ ಬಿಟ್ಟದ್ದೂ ಇದಕ್ಕೇನಾ? ಗೊತ್ತಿಲ್ಲ. ಭದ್ರತ್ತೆಯ ವಿಷಯ ಹೇಳಿದಾಗ, ರಕ್ತದಲ್ಲೇ ಇಳಿದುಬಂದಿರಬೇಕು ಅಂದರು ಡಾಕ್ಟರು.

ಬೀಗರಿಗೆ ಹೇಳಿದರೆ ನಮ್ಮ ಮನೆತನವೇ ಕೆಟ್ಟದ್ದು ಅನ್ನುತ್ತಾರೆ. ಸುಮ್ಮನಿದ್ದರೆ ನಿನ್ನಮ್ಮ ಸಾಯುವತನಕ ಆ ವೈರಿನ ದೂರು ಹೊರಬೇಕು. ಬಹಳ ಹೆದರಿದೆ ಕೂಸೇ. ಬೀಗರು ಮತ್ತೆ ಬಂದಾಗ, ಕಾಫಿ ಲೋಟ ಕೈಗೆ ಕೊಡುವ ಮುಂಚೆಯೇ, ಕಾಳಯ್ಯನಿಂದ ಹಿಡಿದು ಭದ್ರತ್ತೆಯವರೆಗೆ ಎಲ್ಲ ಹೇಳಿಬಿಟ್ಟೆ.

"ಏನ್ರೀ, ಹೆಣ್ ಕೊಡೋವಾಗ ಇದೆಲ್ಲಾ ಮುಚ್ಚಿಟ್ರಾ?" ಅಂದರು ವನಜಾಕ್ಷಿ. ನಮಗೇ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ನಿನ್ನಪ್ಪ ಕಾಂತೇಶ್ ಒಳ್ಳೆಯವನು, ಆದರೆ ಅವತ್ತು ತಲೆ ಎತ್ತಲಿಲ್ಲ. ಅವತ್ತೇ ನಿಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು. ಬಾಗಿಲಲ್ಲಿ ನಿನ್ನಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದು, "ಅಮ್ಮಾ, ನನ್ನಿಂದ ಅಲ್ಲ ತಾನೇ?" ಅಂದಳು. "ಅಲ್ಲ ಕಣೇ. ನಿನ್ನಿಂದ ಅಲ್ಲ" ಅಂದೆ. ಆಗ ನಿನ್ನನ್ನು ಎದೆಗೆ ಅವುಚಿಕೊಂಡು ಮುಖಕ್ಕೆ ಮುಖ ಕೊಟ್ಟು ನೋಡಿದಳು. ನನಗೆ ಅಷ್ಟು ಸಾಕಾಗಿತ್ತು. ಅಷ್ಟೇ ಸಿಕ್ಕಿದ್ದು ಕೂಡ.

ನಾಳೆ ನಿನ್ನ ನಾಮಕರಣ. ನನ್ನನ್ನು ಕರೆದಿಲ್ಲ. ಕರೆದಿದ್ದರೂ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಯೋಚಿಸುತ್ತಿದ್ದೆನೇನೋ. ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುವುದು ಶಾಸ್ತ್ರ, ಅವರು ಮಾಡಲಿ. ನಿನ್ನಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ: ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ಮಗುವನ್ನು ಬೆಳಕಿಗೆ ಎತ್ತಿಕೋ, ನಿನ್ನ ತುಟಿ ಕಾಣುವ ಹಾಗೆ ಅವಳ ಹೆಸರನ್ನು ನಿಧಾನವಾಗಿ ಇನ್ನೊಂದು ಸಲ ಹೇಳು ಅಂತ.

ನೂರು ಕಾಲ ಬಾಳು ನನ್ನ ತಾಯಿ. ನಿನ್ನೆದುರಿಗೆ ಬಂದು ನಿಂತು ಮಾತಾಡುವವರೇ ನಿನಗೆ ಸಿಗಲಿ.

ನಿನ್ನ ದಾರಿ ಕಾಯುವ ಅಜ್ಜಿ,
ಪ್ರಮೀಳಾ