ಬುಟ್ಟಿಯ ತೂಕ ಕಳೆದ ಮೇಲೆ

ನನ್ನ ಟೀಚರಮ್ಮನಿಗೆ, ಅಂದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿ ನನಗೇ ಪಾಠ ಹೇಳುವ ಮಗಳಿಗೆ,

ನೀನು ಶಿಕ್ಷಕರ ತರಬೇತಿಗೆಂದು ಹಾಸ್ಟೆಲಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಅಡುಗೆಮನೆಯನ್ನು ನಿನ್ನಪ್ಪನಿಗೆ ವಹಿಸಿ ನಾನು ಪುಸ್ತಕ ಹಿಡಿದು ಕೂರುತ್ತೇನೆ. "ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಎಂದು ಗೊಣಗುತ್ತಲೇ ಚಹಾ ತಂದಿಡುತ್ತಾರೆ. ಸಕ್ಕರೆ ಹಾಕುವುದನ್ನು ಮರೆತಿರುತ್ತಾರೆ. ನಾನು ತುಟಿಪಿಟಕ್ಕೆನ್ನದೆ ಕುಡಿಯುತ್ತೇನೆ.

ನಾಡಿದ್ದು ಹತ್ತನೇ ತರಗತಿಯ ಗಣಿತ ಪರೀಕ್ಷೆ. ಇದೊಂದು ದಾಟಿದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುವ ನಾನು ಅಲ್ಲೇ ಮೇಲ್ವಿಚಾರಕಿಯಾಗಬಹುದು. ಹುಡುಗಿಯಾಗಿದ್ದಾಗ ಇದೇ ಬೀಜಗಣಿತಕ್ಕೆ ಹೆದರಿ ಶಾಲೆ ಬಿಟ್ಟವಳು ನಾನು. ಈ ಸಲ ಬಿಡುವುದಿಲ್ಲ.

ನೆನಪಿದೆಯಾ, ಮೊದಲ ದಿನ ನೀನು ಬಿಡಿಸಿ ತೋರಿಸಿದ ಲೆಕ್ಕದಲ್ಲಿ ಎಕ್ಸ್ ಐದು ಬಂದಿತ್ತು. ಮರುದಿನ ನೀನು ಕೊಟ್ಟ ಲೆಕ್ಕಗಳಿಗೆಲ್ಲ ನಾನು ಐದು ಎಂದೇ ಬರೆದಿಟ್ಟಿದ್ದೆ. "ನಿನ್ನೆ ತಾನೇ ಸಿಕ್ತಲ್ಲ ಕಣೇ, ಇವತ್ತು ಮತ್ತೆ ಯಾಕೆ ಹುಡುಕ್ಬೇಕು?" ಎಂದಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು, "ಅಮ್ಮಾ, ಬುಟ್ಟಿ ಅದೇ ಆದ್ರೂ ದಿನಾ ಬೀಳೋ ಬಟ್ಟೆ ಬೇರೆ ಅಲ್ವಾ? ಎಕ್ಸೂ ಹಾಗೇ" ಎಂದೆ.

ನಿನ್ನೆ ಒಬ್ಬಳೇ ಒಂದು ಲೆಕ್ಕ ಹಿಡಿದೆ. ಎರಡು ಎಕ್ಸ್‌ಗೆ ಮೂರು ಕೂಡಿದರೆ ಹದಿನೇಳು. ಮೊದಲು ಹದಿನೇಳನ್ನು ಅರ್ಧ ಮಾಡಿ, ಅದರಲ್ಲಿ ಮೂರು ಕಳೆದೆ. ಐದೂವರೆ ಬಂತು. ಎಂದಿನಂತೆ "ಸರೀನಾ?" ಎಂದು ಕೇಳಲು ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸುಮ್ಮನಿರಲಾರದೆ ಆ ಐದೂವರೆಯನ್ನೇ ಎಕ್ಸ್ ಇದ್ದ ಜಾಗದಲ್ಲಿಟ್ಟು ನೋಡಿದೆ. ಹದಿನಾಲ್ಕಾಯಿತು! ತಪ್ಪು ಎಂದು ಲೆಕ್ಕವೇ ಹೇಳಿತು, ಬೈಯದೆ.

ಲಾಂಡ್ರಿಯಲ್ಲಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಮೂರು ಕಿಲೋದ ಬುಟ್ಟಿಯಲ್ಲಿ ಒಂದೇ ತೂಕದ ಎರಡು ಗಂಟು, ಒಟ್ಟು ಹದಿನೇಳು ಕಿಲೋ. ಬುಟ್ಟಿಯ ತೂಕ ಕಳೆಯದೆ ಯಾರಾದರೂ ಪಾಲು ಮಾಡುತ್ತಾರಾ? ಎರಡೂ ಕಡೆಯಿಂದ ಮೂರು ತೆಗೆದೆ, ಹದಿನಾಲ್ಕು ಉಳಿಯಿತು. ಗಂಟಿಗೆ ಏಳು. ಏಳನ್ನು ಅದರ ಜಾಗದಲ್ಲಿಟ್ಟು ನೋಡಿದೆ. ಸರಿಯಾಗಿ ಹದಿನೇಳು.

ಬಿಡಿಸುವುದೆಂದರೆ ಇಷ್ಟೇನಾ ಕಣೇ! ಯಾವ ಸಂಖ್ಯೆ ಇಟ್ಟರೆ ಈಚೆಗೂ ಆಚೆಗೂ ಸಮವಾಗುತ್ತದೋ ಅದನ್ನು ಹುಡುಕುವುದು. ಉತ್ತರ ಮೇಷ್ಟ್ರ ಜೇಬಿನಲ್ಲಿರುತ್ತದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಉಪ್ಪು ಹಾಕಿದರೂ, ಪರದೆಯ ಬಣ್ಣ ಆರಿಸಿದರೂ "ಸರೀನಾ?" ಎಂದು ಯಾರನ್ನಾದರೂ ಕೇಳುವವಳು ನಾನು. ನಿನ್ನೆ ಯಾರನ್ನೂ ಕೇಳಬೇಕಾಗಲಿಲ್ಲ. ಕಣ್ಣು ತುಂಬಿ ಬಂತು. ನಿನ್ನಪ್ಪ ಗಾಬರಿಯಾಗಿ, "ಏನಾಯ್ತೇ, ಲೆಕ್ಕ ಬರ್ಲಿಲ್ವಾ?" ಎಂದರು.

"ಬಂತು ಕಣ್ರೀ" ಎಂದೆ. ಚಹಾಕ್ಕೆ ಸಕ್ಕರೆ ಇಲ್ಲ ಎಂದೂ ಹೇಳಿಬಿಟ್ಟೆ.

ನಿನ್ನ ಮುಂದೆ ಕೂರಲಿರುವ ಮಕ್ಕಳು ಪುಣ್ಯವಂತರು. ಅವರೂ ಎಲ್ಲದಕ್ಕೂ ಐದು ಎಂದು ಬರೆದರೆ ನಕ್ಕುಬಿಡು, ಆದರೆ ಆಮೇಲೆ ಬುಟ್ಟಿಯ ಮಾತು ಹೇಳು. ತಣ್ಣಗಿರು ಮಗಳೇ. ನಾಡಿದ್ದು ಪರೀಕ್ಷೆ ಮುಗಿದ ಕೂಡಲೇ ಫೋನ್ ಮಾಡುತ್ತೇನೆ. ಲೆಕ್ಕ ಸರಿಯಾಯಿತಾ ಎಂದು ಈ ಸಲ ನೀನು ಕೇಳು, ನಾನು ಹೇಳುತ್ತೇನೆ.

ನಿನ್ನ ಶಿಷ್ಯೆ,
ಅಮ್ಮ